ಗೆಡಿಂಗ್ಟನ್ನಿನ ರಾಣಿಕಲ್ಲು

ಅಮ್ಮ ಹಾಸನದಿಂದ ಬಂದು ಮೂರು ವಾರ ಆಗಿತ್ತು. ಲಂಡನ್ ಸುತ್ತಿ ಸುಸ್ತಾಗಿದ್ದರು. ಹತ್ತಿರದಲ್ಲೇ ಎಲ್ಲಾದ್ರೂ ಹೋಗೋಣ ಅಂತ ಭಾನುವಾರ ಗೆಡಿಂಗ್ಟನ್‌ಗೆ ಕರ್ಕೊಂಡು ಹೋದೆ. ನಾರ್ಥಾಂಪ್ಟನ್‌ಶೈರಿನ ಹಳ್ಳಿ. ಊರ ಚೌಕದಲ್ಲಿ 40 ಅಡಿಗೂ ಎತ್ತರದ ಕಲ್ಲಿನ ಶಿಲುಬೆ. ಶಿಲುಬೆ ಅನ್ನೋದು ಹೆಸರಿಗಷ್ಟೆ, ತುದಿಯಲ್ಲಿದ್ದದ್ದು ಯಾವತ್ತೋ ಹೋಗಿದೆ.

ಅಮ್ಮ ಕತ್ತೆತ್ತಿ ನೋಡಿ, "ಇದೇನೋ, ಮಾಸ್ತಿಕಲ್ಲಾ?" ಅಂದರು.

ನಮ್ಮೂರ ಕೆರೆ ಏರಿ ಮೇಲಿನ ಕಲ್ಲು ನೆನಪಾಗಿರಬೇಕು. ಬಳೆ ತೊಟ್ಟ ಕೈ ಎತ್ತಿ ನಿಂತಿರುತ್ತಲ್ಲ, ಅದು. ಗಂಡ ಸತ್ತ ಮೇಲೆ ಬೆಂಕಿಗೆ ಹೋದವಳ ಕಲ್ಲು. ಇಲ್ಲಿ ಸತ್ತವಳು ಹೆಂಡತಿ, ಕಲ್ಲು ನಿಲ್ಲಿಸಿದವನು ಗಂಡ.

1290ರ ನವೆಂಬರ್ 28ರಂದು ಇಂಗ್ಲೆಂಡಿನ ರಾಣಿ ಎಲೀನರ್ ಲಿಂಕನ್ ಪಟ್ಟಣದ ಹತ್ತಿರದ ಹಾರ್ಬಿಯಲ್ಲಿ ತೀರಿಕೊಂಡಳು. ಅವಳ ಗಂಡ, ರಾಜ ಒಂದನೇ ಎಡ್ವರ್ಡ್, ಹೆಣದ ಜೊತೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ಗೆ ಹೊರಟ. ದಾರಿಯಲ್ಲಿ ರಾತ್ರಿ ತಂಗಿದ ಊರುಗಳಲ್ಲಿ ಆಮೇಲೆ ಒಂದೊಂದು ಶಿಲುಬೆ ಕಟ್ಟಿಸಿದ. ಒಟ್ಟು 12. ಈಗ ಉಳಿದಿರೋದು 3, ಅದರಲ್ಲಿ ಚೆನ್ನಾಗಿ ಉಳಿದದ್ದು ಇದೇ. ಲಂಡನ್ನಿನ ಚೇರಿಂಗ್ ಕ್ರಾಸ್‌ನದನ್ನು 1647ರಲ್ಲಿ ಪಾರ್ಲಿಮೆಂಟಿನವರೇ ಕೆಡವಿಸಿದರು. ಅಲ್ಲಿ ರೈಲ್ವೆ ಸ್ಟೇಷನ್ ಮುಂದೆ ನಾವೆಲ್ಲ ಫೋಟೊ ತೆಗೆಸಿಕೊಳ್ಳೋ ಶಿಲುಬೆ 1860ರ ದಶಕದ್ದು!

ಗೆಡಿಂಗ್ಟನ್ನಿನ ಕಂಬಕ್ಕೆ ಮೂರೇ ಮುಖ. ಕೆಳಗಡೆ ಬೆರಳಿಡೋಕೂ ಜಾಗ ಬಿಡದ ಹಾಗೆ ಹೂ ಕೆತ್ತಿದ್ದಾರೆ. ಅದರ ಮೇಲೆ ಗುರಾಣಿಗಳು. ಅವಳ ತವರಾದ ಸ್ಪೇನಿನ ರಾಜ್ಯಗಳ ಗುರುತು ಅಲ್ಲಿದೆ: ಕ್ಯಾಸ್ಟೈಲ್‌ಗೆ ಕೋಟೆ, ಲಿಯೋನ್‌ಗೆ ಸಿಂಹ. ಇನ್ನೂ ಮೇಲೆ ಗೂಡುಗಳಲ್ಲಿ ಮೂರು ಸಲ ಅವಳೇ. ಅಮ್ಮ ಆ ಹೂವನ್ನೇ ಎಷ್ಟೋ ಹೊತ್ತು ನೋಡಿದರು. ಹಳೇಬೀಡು ನೋಡಿ ಬೆಳೆದ ಕಣ್ಣು, ಅಷ್ಟು ಸುಲಭಕ್ಕೆ ಒಪ್ಪಲ್ಲ. "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಆಮೇಲೆ ಕೇಳಿದರು: "ಊರವರಿಗೆ ಅವಳು ಬೇಕಾಗಿದ್ದಳಾ?"

ಇಲ್ಲ. ಪ್ರೇಮಕಥೆ ಹೇಳೋರು ಇದನ್ನು ಸುಮ್ನೆ ನುಂಗಿಬಿಡ್ತಾರೆ. ಯಹೂದಿ ಲೇವಾದೇವಿಗಾರರಿಂದ ಸಾಲ ಪಡೆದು ತೀರಿಸಲಾಗದವರ ಸಾಲಪತ್ರ ಅವಳ ಕೈಗೆ ಬರುತ್ತಿತ್ತು, ಹಿಂದೆಯೇ ಜಮೀನೂ ಬರುತ್ತಿತ್ತು. ರಾಜನಿಗೆ ನಮ್ಮ ದುಡ್ಡು ಬೇಕು, ರಾಣಿಗೆ ನಮ್ಮ ಜಮೀನು ಬೇಕು ಅಂತ ಜನ ಪದ ಕಟ್ಟಿದ್ದರು. ಇಂಗ್ಲೆಂಡಿನ ಚರ್ಚಿಗೆ ಹಿರಿಯರಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರೇ ಅವಳಿಗೆ ಕಾಗದ ಬರೆದು ಎಚ್ಚರಿಸಿದ್ದರು. ಇನ್ನು ಗಂಡ, ಅವಳು ಸತ್ತ ವರ್ಷವೇ ಯಹೂದಿಗಳನ್ನೆಲ್ಲ ದೇಶದಿಂದ ಹೊರಗೆ ಹಾಕಿದ.

ಹಾಗಂತ ಅವನ ದುಃಖ ಸುಳ್ಳು ಅಂತ ನಾನು ಹೇಳಲ್ಲ. 36 ವರ್ಷದ ಸಂಸಾರ. ಆದರೆ ನನಗೆ ಕಲ್ಲಿಗಿಂತ ಜಾಸ್ತಿ ಹಿಡಿಸಿದ್ದು ಇನ್ನೊಂದು. ತನ್ನ ಅಧಿಕಾರಿಗಳು ಮಾಡಿದ ಅನ್ಯಾಯ ಸರಿಪಡಿಸಿ ಅಂತ ಅವಳು ಸಾಯೋ ಮುಂಚೆ ಕೇಳಿಕೊಂಡಿದ್ದಳು. 1291ರಲ್ಲಿ ರಾಜ ವಿಚಾರಣೆ ಮಾಡಿಸಿದ. ಅವಳ ಜಮೀನಿನ ಒಕ್ಕಲು ಬಂದು ದೂರು ಹೇಳಿದರು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಜಮೀನು ವಾಪಸ್ ಸಿಕ್ತಂತಾ?" ಅಂದರು. ನಮ್ಮ ತಾತನ ಕಾಲದ ಎರಡೆಕರೆ ವ್ಯಾಜ್ಯ ಇನ್ನೂ ಕೋರ್ಟಿನಲ್ಲಿದೆ, ಹಾಗಾಗಿ ಮೊದಲು ಕೇಳೋದೇ ಅದನ್ನ.