ಹನ್ನೊಂದರಿಂದ ಭಾಗವಾಗುವ ಗುಟ್ಟು

ಮನೆಯ ಕಂಪ್ಯೂಟರನ್ನು ಭದ್ರಪಡಿಸಿಕೊಡಲು ಬಂದವರು ಮೊಟ್ಟಮೊದಲು ಅದರಲ್ಲಿರುವ ಭದ್ರತೆಯನ್ನೆಲ್ಲ ಕಿತ್ತುಹಾಕುತ್ತಾರೆ ಎಂಬುದು ನಿಮ್ಮ ಅನುಭವಕ್ಕೂ ಬಂದಿರಬಹುದು. ಕಳೆದ ಶನಿವಾರ ನಮ್ಮ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಲು ಬಂದ ಹುಡುಗ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಲೇ, "ಸರ್, ಫಸ್ಟು ಆಂಟಿವೈರಸ್ ಆಫ್ ಮಾಡ್ಬಿಡಿ" ಎಂದ. ಆ ಸಿಟ್ಟು ಇನ್ನೂ ಇಳಿದಿಲ್ಲ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿದಾಗಿನಿಂದ ನಮ್ಮ ಲ್ಯಾಪ್‌ಟಾಪ್ ಎಚ್ಚರಿಕೆಗಳನ್ನು ತೋರಿಸುತ್ತಲೇ ಇತ್ತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಅದರಲ್ಲಿತ್ತು. ಆದರೆ ಡಿಸ್ಕಿನಲ್ಲಿ ಕಸ ತುಂಬಿಹೋಗಿದ್ದುದರಿಂದ ಎಲ್ಲವನ್ನೂ ಅಳಿಸಿ ಹೊಸದಾಗಿಯೇ ಹಾಕಿಸುವುದೆಂದು ತೀರ್ಮಾನವಾಯಿತು. ನಾನು ಮೈಕ್ರೋಸಾಫ್ಟಿನದೇ ತಾಣದಿಂದ ಇನ್‌ಸ್ಟಾಲರನ್ನು ಇಳಿಸಿಕೊಂಡು 8 ಜಿಬಿಯ ಪೆನ್‌ಡ್ರೈವಿನಲ್ಲಿ ಸಿದ್ಧವಾಗಿಟ್ಟಿದ್ದೆ. ಹುಡುಗ ಅದನ್ನು ಕಣ್ಣೆತ್ತಿಯೂ ನೋಡದೆ, ಬೈಕಿನ ಕೀ ಗೊಂಚಲಿನಲ್ಲಿ ನೇತಾಡುತ್ತಿದ್ದ ತನ್ನ ಪೆನ್‌ಡ್ರೈವನ್ನು ಬಿಡಿಸಿಕೊಂಡ. ಊರಿನ ಎಷ್ಟು ಕಂಪ್ಯೂಟರುಗಳ ಎಂಜಲು ಅದರಲ್ಲಿತ್ತೋ ದೇವರೇ ಬಲ್ಲ. ಅದರಲ್ಲಿ ವಿಂಡೋಸ್ ಜೊತೆಗೆ ಆಫೀಸೂ ಉಚಿತವೆಂದೂ, ಲೈಸೆನ್ಸ್ ಕೇಳದಂತೆ ಮಾಡುವ ಸಾಫ್ಟ್‌ವೇರ್ ಕೂಡ ಇದೆಯೆಂದೂ ಹೆಮ್ಮೆಯಿಂದ ಹೇಳಿಕೊಂಡ. ದುಡ್ಡು ಕೊಟ್ಟು ಕೊಂಡ ಲ್ಯಾಪ್‌ಟಾಪಿನ ಲೈಸೆನ್ಸ್ ಅದರ ಮದರ್‌ಬೋರ್ಡಿನಲ್ಲೇ ಇರುತ್ತದೆ, ಕದಿಯುವ ಅಗತ್ಯವೇ ಇಲ್ಲ ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಅವನ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಬೂಟ್ ಆಗಲಿಲ್ಲ. ಸಹಿಯಿಲ್ಲದ ಪ್ರೋಗ್ರಾಮನ್ನು ಒಳಗೆ ಬಿಡದ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದ. ಹುಡುಗ ಅವನನ್ನೂ ಆಫ್ ಮಾಡಿದ. ಆಮೇಲೆ ಬಯಾಸಿನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗುಗಳಲ್ಲಿ, ಏನೇನೋ ತಡಕಾಡುತ್ತ "ಕ್ಲಿಯರ್ ಟಿಪಿಎಂ" ಎಂಬುದನ್ನು ಕಂಡು, ಯಂತ್ರ ಕೊಟ್ಟ ಎಚ್ಚರಿಕೆಯನ್ನು ಓದದೆ ಎಸ್ ಒತ್ತಿದ. ಡಿಸ್ಕಿನ ಬೀಗದ ಕೀ ಇದ್ದದ್ದು ಆ ಚಿಪ್ಪಿನಲ್ಲೇ. ಅದು ಅಳಿಸಿಹೋಗಿ ಪರದೆ ನೀಲಿಯಾಯಿತು. ಡಿಸ್ಕಿನ ಬೀಗ ತೆಗೆಯಲು 48 ಅಂಕಿಗಳ ರಿಕವರಿ ಕೀ ಕೊಡಿ ಎಂದು, ಡಿಸ್ಕಿಗೆ ಬೀಗ ಹಾಕಿ ಕಾಯುವ ವಿಂಡೋಸಿನ ಬಿಟ್‌ಲಾಕರ್ ಕೇಳತೊಡಗಿತು.

"ಫೋಟೋಗಳ ಬ್ಯಾಕಪ್ ತೆಗೆದುಕೊಂಡೆಯೇನಪ್ಪಾ?" ಎಂದು ಕೇಳಿದೆ. "ಡಿ ಡ್ರೈವಲ್ಲಿದೆ ಸರ್, ಸೇಫು" ಎಂದ. ಸಿ ಡ್ರೈವಿನಷ್ಟೇ ಭದ್ರವಾಗಿ ಡಿ ಡ್ರೈವಿಗೂ ಬೀಗ ಬಿದ್ದಿತ್ತು.

ಆ ಕೀ ಇದ್ದದ್ದು ಜರ್ಮನಿಯಲ್ಲಿರುವ ಮಗನ ಮೈಕ್ರೋಸಾಫ್ಟ್ ಖಾತೆಯಲ್ಲಿ, ಏಕೆಂದರೆ ಹೋಗುವ ಮೊದಲು ಲ್ಯಾಪ್‌ಟಾಪನ್ನು ಸಿದ್ಧಪಡಿಸಿಕೊಟ್ಟವನು ಅವನೇ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಕರೆ ಮಾಡಿದರೆ, ಇಂಥದ್ದನ್ನೆಲ್ಲ ಚಾಟಿನಲ್ಲಿ ಬರೆದು ಕಳಿಸಬಾರದು, ಸೆಕ್ಯೂರಿಟಿ ದೃಷ್ಟಿಯಿಂದ ಓದಿಯೇ ಹೇಳುತ್ತೇನೆ ಎಂದ. ಹುಡುಗನ ಎರಡೂ ಕೈ ಕೀಬೋರ್ಡಿನ ಮೇಲಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಬೇಕಾಯಿತು. ಲೈನ್ ಸರಿಯಿರಲಿಲ್ಲವಾದ್ದರಿಂದ ಮಗ ಕೂಗಿ ಹೇಳಿದ, ಹುಡುಗ ಕೂಗಿ ಖಚಿತಪಡಿಸಿಕೊಂಡ, ಸಿಗ್ನಲ್ ಸಿಗಲೆಂದು ನಾನು ಫೋನನ್ನು ಬೀದಿಯ ಕಡೆಯ ಕಿಟಕಿಗೆ ಹಿಡಿದು ನಿಂತಿದ್ದೆ. ನಮ್ಮ ಮನೆಯ ಪರಮ ರಹಸ್ಯ ಹೀಗೆ ಎಳನೀರಿನ ಗಾಡಿಯವನವರೆಗೂ ತಲುಪಿತು.

ಮಗ ಹೇಳುತ್ತಿದ್ದುದು ಇಂಗ್ಲಿಷ್ ಅಂಕಿಗಳನ್ನು. ಫೈವ್ ಮತ್ತು ನೈನ್ ಕೆಟ್ಟ ಲೈನಿನಲ್ಲಿ ಒಂದೇ ಥರ ಕೇಳುತ್ತವೆ. ವಿಮಾನದ ರೇಡಿಯೋದಲ್ಲಿ ನೈನ್ ಎನ್ನದೆ ನೈನರ್ ಎನ್ನುವುದು ಇದಕ್ಕಾಗಿಯೇ. ಎಲ್ಲೋ ಒಂದು ಅಂಕಿ ತಪ್ಪಾಗಿದೆಯೆಂದು ಎಲ್ಲರೂ ಒಬ್ಬರನ್ನೊಬ್ಬರು ಗದರುತ್ತಿರುವಾಗ ಮಗ, "ಆರಾರು ಅಂಕಿಯ ಎಂಟು ಗುಂಪು ಇದೆ, ಪ್ರತಿ ಗುಂಪೂ ಹನ್ನೊಂದರಿಂದ ಭಾಗವಾಗಬೇಕು, ಚೆಕ್ ಮಾಡ್ಕೊಳ್ಳಿ" ಎಂದ.

ಇದನ್ನು ಕೇಳಿ ಅಡುಗೆಮನೆಯಿಂದ ನನ್ನ ಹೆಂಡತಿ ಹೊರಬಂದಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಅವಳು ಸೊಪ್ಪಿನವಳ ಲೆಕ್ಕವನ್ನೂ ಮದುವೆಮನೆಯ ಮುಯ್ಯಿಯ ಪಟ್ಟಿಯನ್ನೂ ತಾಳೆ ನೋಡದೆ ಬಿಡುವವಳಲ್ಲ. ಕೈ ಒರೆಸಿಕೊಂಡು, ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ಕುಳಿತು, "ಓದಪ್ಪಾ" ಎಂದಳು. ಹುಡುಗ 255163 ಎಂದು ಓದಿದ. "ಒಂದು ಬಿಟ್ಟು ಒಂದು ಕೂಡು. ಎರಡು, ಐದು, ಆರು, ಹದಿಮೂರು. ಐದು, ಒಂದು, ಮೂರು, ಒಂಬತ್ತು. ಹದಿಮೂರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ಸೊನ್ನೆಯೂ ಅಲ್ಲ, ಹನ್ನೊಂದೂ ಅಲ್ಲ. ಮೊದಲನೇ ಐದು ಒಂಬತ್ತಾಗಿರಬೇಕು." ಜರ್ಮನಿಯಿಂದ, "ಹೌದಮ್ಮಾ, ಟೂ ನೈನ್ ಫೈವ್" ಎಂಬ ಉತ್ತರ ಬಂತು.

ಅಲ್ಲಿಂದಾಚೆಗೆ ಅದು ತರಗತಿಯಾಯಿತು. ಬಂದಾಗ ಅವಳನ್ನು ಆಂಟಿ ಎಂದು ಕರೆದ ಹುಡುಗ ನಡುವೆ ಮೇಡಂ ಎಂದು, ಕೊನೆಯ ಗುಂಪುಗಳ ಹೊತ್ತಿಗೆ ಮಿಸ್ ಎನ್ನತೊಡಗಿದ. ಒಂದು ಗುಂಪನ್ನು ಬಾಯಲ್ಲೇ ಕೂಡಿ ಸರಿಯೆಂದು ಹೇಳಿದಾಗ "ಜಾಣ" ಎನಿಸಿಕೊಂಡ. ಕಂಪ್ಯೂಟರನ್ನು ಕೆಡಿಸಿದವನಿಗೆ ಶಭಾಷ್‌ಗಿರಿ, ಕಿಟಕಿಯಲ್ಲಿ ಕೈ ಮೇಲೆತ್ತಿ ನಿಂತವನಿಗೆ "ಫೋನ್ ಅಲ್ಲಾಡಿಸಬೇಡಿ" ಎಂಬ ಗದರಿಕೆ.

ಬೀಗ ತೆರೆಯಿತು. ಮಗನ ಹೆಸರೂ ಅವನ ಫೋಟೋವೂ ಪರದೆಯ ಮೇಲೆ ಬಂದವು. ಪ್ರತಿದಿನ ಆ ಹೆಸರಿಗೇ ಲ್ಯಾಪ್‌ಟಾಪ್ ಸ್ವಾಗತ ಹೇಳುತ್ತಿದ್ದುದನ್ನು ನಾವು ಗಮನಿಸಿರಲಿಲ್ಲ. ಎಂದಿನ ಕರೆಯಲ್ಲಿ "ಊಟ ಆಯ್ತಾ" ಎಂಬಲ್ಲಿಗೆ ಮಾತು ಮುಗಿಸುವ ಅವನು ಅಂದು ಫೋಟೋಗಳೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಯುವವರೆಗೂ ಫೋನ್ ಇಡಲಿಲ್ಲ. ಅವನ ಊಟ ಆರಿಹೋಗಿತ್ತಂತೆ. ಹೊಸ ವಿಂಡೋಸ್ ಇನ್ನು ನಿಮ್ಮ ಹೆಸರಿನಲ್ಲೇ ಇರಲಿ ಎಂದು ಅವನು ಹೇಳಿದ್ದು ಸರಿಯೇ, ಆದರೂ ಅವನ ಖಾತೆಯಿದ್ದ ಡಿಸ್ಕನ್ನು ಅಳಿಸಲು ಹೆಂಡತಿ ಸ್ವಲ್ಪ ಹೊತ್ತು ಒಪ್ಪಲಿಲ್ಲ.

ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿಸಿ, ನನ್ನ ಪೆನ್‌ಡ್ರೈವಿನಿಂದಲೇ ಹಾಕಿಸಿದೆವು. ಇಂಟರ್‌ನೆಟ್ ಸಿಕ್ಕ ಕೂಡಲೇ ಲೈಸೆನ್ಸ್ ತಾನಾಗಿಯೇ ಬಂತು. ಹೊಸ ರಿಕವರಿ ಕೀಯ ಪ್ರಿಂಟು ಬೀರುವಿನಲ್ಲಿ ಮನೆಯ ಪತ್ರಗಳ ಜೊತೆ ಸೇರಿತು. ಹೆಂಡತಿ ಯಾರಿಗೂ ಕಾಣದಂತೆ ಪರದೆಯನ್ನು ತಿರುಗಿಸಿಕೊಂಡು ಪಿನ್ ಇಟ್ಟಳು, ನನಗೂ ಹೇಳಲಿಲ್ಲ. ಹುಡುಗ ಮಾತ್ರ ಕೊನೆಯ ಬಾರಿ ಪರೀಕ್ಷಿಸಬೇಕೆಂದು ಕೇಳಿ ತಿಳಿದುಕೊಂಡ.

ಅವನು ಹೋದ ಮೇಲೆ ನೋಡಿದರೆ ಟಚ್‌ಪ್ಯಾಡಿನ ಪಕ್ಕದಲ್ಲಿ ಬಿಳಿಯ ಸ್ಟಿಕರ್, ಅದರ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದ ಪಿನ್. ಫೋನ್ ಮಾಡಿ ಕೇಳಿದರೆ, "ಮರ್ತು ಹೋಗ್ಬಾರ್ದಲ್ಲ ಸರ್, ಎಲ್ಲ ಕಸ್ಟಮರ್‌ಗೂ ಹಾಕ್ತೀನಿ" ಎಂದ. ನನಗೆ ಪಿನ್ ಗೊತ್ತಾದದ್ದು ಹಾಗೆ.