ಎಸಿ ಕಿಂಡಿಯಲ್ಲಿ ಬಂಡೀಪುರ

ನಮ್ಮ ಮನೆಯ ನಾಯಿಯ ಹೆಸರು ಮಂಡಕ್ಕಿ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪರಊರಿನವರಿಗೆ ಹೇಳುತ್ತೇನೆ. ಒಂದು ಚಳಿಗಾಲದ ಬೆಳಗ್ಗೆ ಮಂಡಕ್ಕಿ, ಅಂದರೆ ಪುರಿ, ಹುರಿಯುವ ಭಟ್ಟಿಯ ಹತ್ತಿರ, ಆರಿದ ಒಲೆಯ ಬೆಚ್ಚನೆ ಬೂದಿಯಲ್ಲಿ ಮೂತಿ ಹುಗಿದು ಮಲಗಿದ್ದ ಮರಿ ಇದು. ಬೂದಿ ಒರೆಸಿದರೆ ಬೆಳ್ಳಗೆ, ಎತ್ತಿದರೆ ಹಗುರ. ಹೆಸರು ತಾನಾಗೇ ಬಂತು. ಈಗ ಇಪ್ಪತ್ತು ಕೆಜಿ ತೂಗುತ್ತಾಳೆ, ಹೆಸರು ಮಾತ್ರ ಹಾಗೇ ಇದೆ.

ಇವಳನ್ನು ಕಾರಿನಲ್ಲಿ ಹಾಕಿಕೊಂಡು ಕಾಡು ಸುತ್ತುವ ಹುಚ್ಚು ಹತ್ತಿಸಿದವನು ಅಮೆರಿಕದಲ್ಲಿರುವ ನಮ್ಮಣ್ಣನ ಮಗ. ತಿಂಗಳುಗಟ್ಟಲೆ ರಜೆ ಹಾಕಿ, ನಾಯಿ ಜೊತೆ ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನೆಲ್ಲ ಸುತ್ತಿ ಫೋಟೋ ಕಳಿಸಿದ. ವೈಟ್ ಸ್ಯಾಂಡ್ಸ್‌ನ ಬಿಳಿ ಮರಳ ದಿಬ್ಬದ ಮೇಲೆ ಅವನ ನಾಯಿ ಪಟ್ಟದ ಆನೆಯ ಹಾಗೆ ಕೂತಿತ್ತು. ಫೋನ್ ಮಾಡಿದಾಗ ಒಳಗಿನ ಕಥೆ ಹೊರಬಿತ್ತು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಎನಿಸಿಕೊಂಡ, 1872ರ ಯೆಲ್ಲೋಸ್ಟೋನ್‌ನಲ್ಲಿ ನಾಯಿ ರಸ್ತೆಯಿಂದ 100 ಅಡಿ ದಾಟುವಂತಿಲ್ಲ, ಹಗ್ಗ 6 ಅಡಿ ಮೀರುವಂತಿಲ್ಲ, ಕಾಡಿನ ಕಾಲುದಾರಿಗೆ ಕಾಲಿಡುವಂತೆಯೇ ಇಲ್ಲ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಕಣಿವೆಯ ಅಂಚಿನ ಮೇಲೆ ಓಡಾಡಿಸಬಹುದು, ಕೆಳಗೆ ಇಳಿಸಬಾರದು. "ಒಬ್ರು ನೋಡ್ಕಂಡು ಬರೋದು, ಒಬ್ರು ನಾಯಿ ಹಿಡ್ಕಂಡು ನಿಲ್ಲೋದು ಚಿಕ್ಕಪ್ಪ" ಅಂದ. ಮದುವೆ ಮನೆಯಲ್ಲಿ ಕೂಸು ಹಿಡಿದುಕೊಂಡು ಗಂಡ ಹೆಂಡತಿ ಸರದಿ ಮೇಲೆ ಊಟಕ್ಕೆ ಕೂರುತ್ತಾರಲ್ಲ, ಹಾಗೆ. ಆ ಭಾಗ ಫೋಟೋದಲ್ಲಿ ಬರುವುದಿಲ್ಲ.

ನಮ್ಮಲ್ಲಿ ಅಷ್ಟೂ ಇಲ್ಲ. ಸಫಾರಿಗೆ ನಾಯಿ ತರುವಂತಿಲ್ಲ ಅಂದರೆ ಮುಗಿಯಿತು. ಮೊದಲು ನನಗೂ ಸಿಟ್ಟು ಬಂದಿತ್ತು. ಆಮೇಲೆ ಗುಜರಾತಿನ ಗಿರ್ ಕಾಡು ನೆನಪಾಯಿತು. 2018ರಲ್ಲಿ ಅಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುದರಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್, ನಾಯಿಗಳಿಗೆ ಬರುವ ರೋಗದ್ದು. ಮಂಡಕ್ಕಿಗೆ ವರ್ಷಾ ವರ್ಷಾ ಅದರ ಲಸಿಕೆ ಹಾಕಿಸುತ್ತೇವೆ. ಕಾಡಿನ ಪ್ರಾಣಿಗೆ ಯಾರು ಹಾಕಿಸುತ್ತಾರೆ?

ಆದರೂ ಒಂದು ಸಂದು ಇತ್ತು. ಊಟಿಗೆ ಹೋಗುವ ಹೆದ್ದಾರಿ ಬಂಡೀಪುರದ ನಡುವೆಯೇ ಹಾದುಹೋಗುತ್ತದೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಹಗಲು ಹೋಗಬಹುದು. ಇಳಿಯದಿದ್ದರಾಯಿತು. ಉಳಿಯಲು ರೂಮ್ ಹುಡುಕಿ ಗುಂಡ್ಲುಪೇಟೆ ಕಡೆಯ ಒಬ್ಬರಿಗೆ ಫೋನ್ ಮಾಡಿದೆ. "ನಾಯಿ ಬೇಡ ಸಾರ್, ಚಿರತೆ ಬತ್ತದೆ" ಅಂದರು. ನಾವು ಇರುತ್ತೇವಲ್ಲ ಅಂದೆ. "ನಿಮಗಲ್ಲ ಸಾರ್ ಬರೋದು, ನಾಯಿಗೆ." ಕೊನೆಗೆ ಮೈಸೂರಲ್ಲಿ ಹೆಂಡತಿಯ ತಂಗಿಯ ಮನೆಯೇ ಗತಿ.

ಹೊರಟೆವು. ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಕಂಡು ಮಂಡಕ್ಕಿಯ ಕತ್ತು ರೆಕ್ಕೆಯ ಜೊತೆಗೇ ತಿರುಗತೊಡಗಿತು. ಒಂದು ಯಂತ್ರವಾದರೆ ಸರಿ, ಸಾಲು ಸಾಲು ಬಂದಾಗ ಯಾವುದನ್ನು ನೋಡುವುದು? ತಲೆ ಸುತ್ತಿ ಸೀಟಿಗೆ ಮರಳಿದಳು. ಮಲಗುವ ಮೊದಲು ಒಂದೇ ಜಾಗದಲ್ಲಿ ಸುತ್ತಿದಳು, ಸುತ್ತಿದಳು, ಸುತ್ತುತ್ತಲೇ ಇದ್ದಳು. "ಅಲ್ರೀ, ಏಳು ಸುತ್ತು ಆಯ್ತು, ದುರ್ಗ ಬಂದಿದ್ದು ಗೊತ್ತಾಗಿದೆ ಅದ್ಕೆ" ಅಂದಳು ನನ್ನ ಹೆಂಡತಿ. ಹಿರಿಯೂರಲ್ಲಿ ಹೊರಳಿ ಹುಳಿಯಾರು ತಲುಪುವಷ್ಟರಲ್ಲಿ ಬೆಳಗಿನ ಅನ್ನ ಮೊಸರು ಹೊರಗೆ ಬಂತು. ಅದರ ವಿವರ ಬೇಡ. ಅಲ್ಲಿಂದ ಮುಂದೆ ಹತ್ತು ಮೈಲಿಗೊಮ್ಮೆ ಇಳಿಸಬೇಕು. ನಮಗೆ ನಾಗಮಂಗಲ, ಪಾಂಡವಪುರ ಅಂತ ಬೋರ್ಡು. ಅವಳಿಗೆ ಕಿಲೋಮೀಟರ್ ಕಲ್ಲು. ಮೂಸಿ, ಯೋಚಿಸಿ, ಇನ್ನೊಂದು ಬದಿಯಿಂದ ಮೂಸಿ, ನಂತರವೇ ಕಾಲೆತ್ತುವ ತೀರ್ಮಾನ. ಹೆಣ್ಣುನಾಯಿ ಕಾಲೆತ್ತುವುದಿಲ್ಲ ಅನ್ನುವವರು ನಮ್ಮ ಮಂಡಕ್ಕಿಯನ್ನು ನೋಡಿಲ್ಲ.

ಮರುದಿನ ಬೆಳಗ್ಗೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್. ಕಾವಲಿನವನು ಒಳಗೆ ಬಗ್ಗಿ ನೋಡಿದ. "ಗ್ಲಾಸ್ ಏರ್ಸಿ, ನಿಲ್ಲಿಸ್ಬೇಡಿ, ಇಳೀಬೇಡಿ. ಅದನ್ನಂತೂ ಇಳಿಸ್ಲೇಬೇಡಿ." ಕಿಟಕಿ ಏರಿಸಿದೆವು. ನನಗೆ ಒಳಗೇ ಪಿಚ್ಚೆನಿಸಿತು. ನಾನೂರು ಕಿಲೋಮೀಟರ್ ಹತ್ತಿರ ಕರೆದುತಂದು, ಕಾಡು ಬಂದಾಗ ಬಾಗಿಲು ಹಾಕಿದ ಹಾಗಾಯಿತಲ್ಲ. ರಸ್ತೆ ಬದಿಯಲ್ಲಿ ಜಿಂಕೆಗಳ ಹಿಂಡು ಇತ್ತು. ಮಂಡಕ್ಕಿ ಅತ್ತ ತಿರುಗಲೇ ಇಲ್ಲ. ಎರಡು ಸೀಟಿನ ಸಂದಿಯಿಂದ ಮುಂದೆ ತೂರಿ ಬಂದು ಎಸಿಯ ಕಿಂಡಿಗೆ ಮೂಗು ಒತ್ತಿ ನಿಂತಿದ್ದಳು.

ಹೊರಗಿನ ಗಾಳಿ ಒಳಬರುವ ಹಾಗೆ ಗುಂಡಿ ತಿರುಗಿಸಿದೆ. ಆಗ ನೋಡಬೇಕಿತ್ತು. ಮೂಗಿನ ಎರಡೂ ಬದಿಯ ಸೀಳು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕಿಂಡಿಯ ಪ್ಲಾಸ್ಟಿಕ್ ಪಟ್ಟಿ ಒದ್ದೆಯಾಯಿತು. ಒಮ್ಮೆ ಬೆನ್ನ ಕೂದಲು ಕುತ್ತಿಗೆಯಿಂದ ಬಾಲದವರೆಗೆ ಗೆರೆ ಎಳೆದ ಹಾಗೆ ನಿಂತವು. ನಮಗೆ ಏನೂ ಕಾಣಲಿಲ್ಲ, ಲಂಟಾನದ ಪೊದೆ ಅಷ್ಟೇ. ಇನ್ನೊಮ್ಮೆ ಮೂಗಿನಲ್ಲಿ ಸಣ್ಣಗೆ ಶಿಳ್ಳೆಯಂಥ ಕುಂಯ್ ಹೊರಟಿತು. ಆ ಕಾಡಿನ ಸೀಳುನಾಯಿಗಳು ಬೊಗಳುವ ಬದಲು ಶಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವಂತೆ. ನೆಂಟಸ್ತಿಕೆ ನೆನಪಾಯಿತೋ, ಹುಳಿಯಾರಿನ ಹೊಟ್ಟೆ ಮತ್ತೆ ತೊಳಸಿತೋ. ಅರ್ಧ ಗಂಟೆ ಅವಳು ಕದಲಲಿಲ್ಲ. ನಾವು ಕಂಡಿದ್ದು ಜಿಂಕೆ, ಒಂದು ನವಿಲು, ಆನೆ ಲದ್ದಿ.

ಮೂರನೇ ದಿನ ಸಂಜೆ ದಾವಣಗೆರೆ. ಬಾಗಿಲು ತೆರೆದದ್ದೇ ತಡ, ಬೀದಿಯ ಐದೂ ನಾಯಿಗಳು ಓಡಿ ಬಂದವು. ಜಗಳವಿಲ್ಲ, ಬೊಗಳಿಕೆಯಿಲ್ಲ. ಕಿವಿಯಿಂದ ಬಾಲದವರೆಗೆ ಮಂಡಕ್ಕಿಯನ್ನು ಸಾಲಾಗಿ ಮೂಸಿದವು. ಅವಳು ಮುಖ ಬಿಗಿದು, ಪರದೇಶಕ್ಕೆ ಹೋಗಿ ಬಂದವರ ಗತ್ತಿನಲ್ಲಿ ಮೂಸಿಸಿಕೊಂಡಳು. ಮುದಿ ಕರಿಯ ಮಾತ್ರ ಅವಳನ್ನು ಬಿಟ್ಟು ಕಾರಿನ ಟೈರಿಗೆ ಬಂದ. ಹುಳಿಯಾರು, ನಾಗಮಂಗಲ, ಬಂಡೀಪುರ ಎಲ್ಲ ಅದರಲ್ಲಿತ್ತಲ್ಲ. ಮುಂದಿನ ಎಡಗಡೆಯದರಿಂದ ಶುರುಮಾಡಿ, ಒಂದು ಸಾಲೂ ಬಿಡದೆ, ನಾಲ್ಕನ್ನೂ ಓದಿದ. ಓದಿ ಮುಗಿಸಿ ಒಂದೊಂದಕ್ಕೂ ರುಜು ಹಾಕಿದ.