ಆ ಒಡೆದ ಕನ್ನಡಿ ನೋಡಿದಿರಾ?

ಯಂತ್ರದ ದೇಹ ವಿಡಿಯೋ ಗೇಮ್ ನಾಯಕ ಆಡಮ್ ಜೆನ್ಸನ್‌ಗೆ ಸಿಕ್ಕ ವರ ಅಂತ ಬರೆದಿದ್ದೀರಿ. ಖಂಡಿತ ಒಪ್ಪಲಾರೆ. 2011ರ 'ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್' ಆಡುವಾಗ ಡೆಟ್ರಾಯಿಟ್‌ನಲ್ಲಿರುವ ಅವನ ಮನೆಯ ಬಚ್ಚಲಿಗೆ ಹೋಗಿದ್ದೀರಾ? ಅಲ್ಲಿ ಕನ್ನಡಿ ಬಿರುಕು ಬಿಟ್ಟು ನಿಂತಿದೆ. ತನ್ನ ಮುಖ ತಾನೇ ನೋಡಲಾರದೆ ಗುದ್ದಿದ ಗುರುತು ಅದು. ನಾನಂತೂ ಕಂಟ್ರೋಲರ್ ಕೆಳಗಿಟ್ಟು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಸಾವಿನಂಚಿನಲ್ಲಿದ್ದ ಅವನ ಅಂಗಗಳ ಜಾಗದಲ್ಲಿ ಯಂತ್ರ ಜೋಡಿಸಿ ಜೀವ ಉಳಿಸಿದ್ದು ಸರಿ. ಆದರೆ ಅವನು ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ಬದುಕಲು ಬೇಕಾದ್ದಕ್ಕಿಂತ ಹೆಚ್ಚು ಅಂಗ ಬದಲಿಸಿದ್ದು ಅವನು ದುಡಿಯುತ್ತಿದ್ದ ಕಂಪನಿಯೇ. ಡಿಸಿ ಕಾಮಿಕ್ಸ್‌ನ ಸೈಬೋರ್ಗ್ ಕಥೆಯಲ್ಲೂ ನಾಯಕ ವಿಕ್ಟರ್ ಸ್ಟೋನ್‌ನನ್ನು ಯಾರೂ ಕೇಳಲಿಲ್ಲ, ಅವನನ್ನು ಅರ್ಧ ಯಂತ್ರವಾಗಿಸುವ ನಿರ್ಧಾರ ಅಪ್ಪನದ್ದು. ಅಲ್ಲಿ ಮಗ ಉಳಿಯಲಿ ಅನ್ನೋ ಹೆತ್ತ ಕರುಳಾದರೂ ಇತ್ತು. ಜೆನ್ಸನ್ ಪಾಲಿಗೆ ಅದೂ ಇಲ್ಲ.